ಗಿರಗಿಟ್ಲೆ ಗನ್ನು ಹೊತ್ತ ಬೋರಲಿಂಗ

ನಮ್ಮೂರಿಗೆ ಗಿರಗಿಟ್ಲೆ ಗನ್ನು ಬಂದ ದಿನ, ಅದನ್ನು ಲಾರಿಯಿಂದ ಇಳಿಸುವಾಗ ಯಾರೂ ಗಂಟೆ ಹೊಡೆಯಲಿಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ. ನಮ್ಮಲ್ಲಿ ಒಂದು ಮೂಟೆ ರಾಗಿ ಎತ್ತುವವನೂ ಮೊದಲು ಚೌಕದ ಗಂಟೆ ಬಾರಿಸಿ, "ಹೊರ್ತಾ ಇವ್ನಿ, ನಮ್ಮೋರು ಉಷಾರು!" ಎಂದು ಕೂಗಬೇಕು. ಆಗ ಅವನ ತಾಯಿ ಕೈಯಲ್ಲಿರುವ ಹಾಲಿನ ಚೊಂಬನ್ನು ಕೆಳಗಿಡುತ್ತಾಳೆ. ತಮ್ಮ ಮರದ ಮೇಲಿದ್ದರೆ ಮರವನ್ನು ತಬ್ಬಿಕೊಳ್ಳುತ್ತಾನೆ. ಹೆಂಡತಿ ಗೋಡೆಗೆ ಒರಗಿ ನಿಲ್ಲುತ್ತಾಳೆ. ಹೊತ್ತವನ ಭಾರ ಅವನನ್ನು ಪ್ರೀತಿಸುವವರ ಭುಜಗಳಿಗೆಲ್ಲ ಹಂಚಿಹೋಗುತ್ತದಲ್ಲ, ಅದಕ್ಕೆ. ಹೆಚ್ಚು ಪ್ರೀತಿಯಿದ್ದವರಿಗೆ ಹೆಚ್ಚು ಪಾಲು, ಸ್ವಲ್ಪ ಇದ್ದವರಿಗೆ ಸ್ವಲ್ಪ. ದೂರ ಹೋದರೂ ಅಷ್ಟೇ. ಮೂರು ನದಿಯಾಚೆ ಹಮಾಲಿ ಮಾಡುವ ಮಗನ ಮೂಟೆ ಇಲ್ಲಿ ತಾಯಿಯ ಬೆನ್ನಿಗೆ ತಿಳಿಯುತ್ತದೆ.

ಇದರ ಜೊತೆಗೇ ನಾವು ಬದುಕುವುದನ್ನು ಕಲಿತಿದ್ದೇವೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗನ ಕೈಯಲ್ಲಿ ಒರಳುಕಲ್ಲು ಎತ್ತಿಸುತ್ತೇವೆ, ಆದರೆ ಎಲ್ಲರೂ ನೋಡುವುದು ಹುಡುಗಿಯ ಭುಜವನ್ನು. ಗಂಡ ಹೆಂಡತಿ ಜಗಳವಾಡಿದ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೊಡ ಎತ್ತುವಾಗಲೇ ಗೊತ್ತಾಗಿಬಿಡುತ್ತದೆ. ಮನೆಯಲ್ಲಿ ತುಂಬು ಬಸುರಿಯಿದ್ದರೆ ಮನೆಯವರು ಊಟದ ತಟ್ಟೆಗಿಂತ ಭಾರವಾದ ಯಾವುದನ್ನೂ ಮುಟ್ಟುವುದಿಲ್ಲ. ಅವರ ನೀರು ಸೌದೆಯೆಲ್ಲ ಅಕ್ಕಪಕ್ಕದವರು ತಂದು ಹಾಕುತ್ತಾರೆ. ಇನ್ನೊಂದು ಗುಟ್ಟಿನ ಪದ್ಧತಿಯೂ ಉಂಟು. ಹೊರಗೆ ದುಡಿಯಲು ಹೋದವರು ಮಧ್ಯಾಹ್ನ ಕೈಗೆ ಸಿಕ್ಕಿದ್ದನ್ನು ಎರಡು ಸಲ ಎತ್ತಿ ಇಳಿಸುತ್ತಾರೆ. ಮನೆಯಲ್ಲಿದ್ದವರ ಭುಜ ಎರಡು ಸಲ ಮೆತ್ತಗೆ ಜಗ್ಗಿದರೆ, ನನ್ನ ಊಟವಾಯಿತು, ನೀನು ಉಣ್ಣು ಎಂದು ಅರ್ಥ.

ನಾನು ದೇವೀರಿ. ಚೀಲ, ಜೀನು, ಹೆಗಲಪಟ್ಟಿ ಹೊಲಿಯುವವಳು. ಭಾರ ಹಂಚಿಹೋಗುವುದು ನಿಜ, ಆದರೆ ಪಟ್ಟಿ ಉಜ್ಜಿ ಚರ್ಮ ಸುಲಿಯುವುದು ಹೊತ್ತವನದು ಮಾತ್ರ. ಅದರಿಂದಲೇ ನನ್ನ ಹೊಟ್ಟೆಪಾಡು ನಡೆಯುತ್ತದೆ. ಪಕ್ಕದ ಮನೆಯಲ್ಲಿ ಬೋರಲಿಂಗ ಮತ್ತು ಅವನ ಹೆಂಡತಿ ಮಲ್ಲಾಜಿ. ಬೋರಲಿಂಗ ಊರ ಅಂಚಿನ ದಂಡಿನಲ್ಲಿ ಕಾಲಾಳು. ಆಳು ನುಗ್ಗೆಕಾಯಿಯ ಹಾಗೆ ಸಣ್ಣ. ಅವನ ಗುಣ ಒಂದೇ ಮಾತಿನಲ್ಲಿ ಹೇಳಬಹುದು. ಎದುರಿಗೆ ಸಿಕ್ಕವರನ್ನೆಲ್ಲ ಅವನು "ಉಂಡ್ರಾ?" ಎಂದು ಕೇಳುತ್ತಾನೆ. ಹಾಗೆ ಕೇಳಿ ಮುಂದೆ ಹೋಗುವವರು ಎಲ್ಲ ಊರಲ್ಲೂ ಇದ್ದಾರೆ. ಇವನು ಉತ್ತರ ಬರುವವರೆಗೆ ನಿಲ್ಲುತ್ತಾನೆ. ಉಂಡಿಲ್ಲವೆಂದರೆ ಏಕೆಂದು ಕೇಳುತ್ತಾನೆ, ಉಂಡೆವೆಂದರೆ ಸಾರು ಯಾವುದೆಂದು ಕೇಳುತ್ತಾನೆ. ಹೀಗಾಗಿ ಅವನನ್ನು ಕಂಡರಾಗದವರು ಊರಲ್ಲಿ ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ನನ್ನ ಕೊಡೆ ತೆಗೆದುಕೊಂಡು ಹೋದವನು ಹಿಂದಕ್ಕೆ ಕೊಟ್ಟಿರಲಿಲ್ಲ.

ಮಲ್ಲಾಜಿ ಬಹಳ ವರ್ಷ ಕಾದು, ಇನ್ನು ತನಗಿಲ್ಲವೆಂದು ಮನಸ್ಸು ಗಟ್ಟಿಮಾಡಿಕೊಂಡ ಮೇಲೆ ಬಸುರಾಗಿದ್ದಳು. ಆಗ ತಿಂಗಳು ತುಂಬುತ್ತ ಬಂದಿತ್ತು. ಬೋರಲಿಂಗ ಎಷ್ಟು ಜಾಗ್ರತೆಯಾಗಿದ್ದನೆಂದರೆ ಕವಾಯತಿನಲ್ಲಿ ಅವನ ಬಂದೂಕನ್ನೂ ಜೊತೆಯವರೇ ಹಿಡಿಯುತ್ತಿದ್ದರು. ಮನೆಯಲ್ಲಿ ಅವನು ನೀರು ಕುಡಿಯುವ ಚೊಂಬನ್ನೂ ಅರ್ಧವೇ ತುಂಬಿಕೊಳ್ಳುತ್ತಿದ್ದ.

ಅಂಥವನು ಲಾರಿ ಬಂದ ದಿನ ಮೈಮರೆತ. ರಾಜಧಾನಿಯಿಂದ ಮೇಜರ್ ಸೇತುಮಾಧವ ಎಂಬ ಅಧಿಕಾರಿ ಗನ್ನನ್ನು ತಂದಿದ್ದರು. ಆರು ನಳಿಗೆಗಳನ್ನು ಸೌದೆ ಹೊರೆಯ ಹಾಗೆ ಒಟ್ಟಿಗೆ ಕಟ್ಟಿದ ಯಂತ್ರ. ಗುಂಡಿ ಒತ್ತಿದರೆ ನಳಿಗೆಗಳು ಗಿರಗಿರನೆ ತಿರುಗುತ್ತ ಗುಂಡು ಉಗುಳುತ್ತವೆ. ನೋಡಿದ ಕೂಡಲೇ ನಮ್ಮವರು ಗಿರಗಿಟ್ಲೆ ಗನ್ನು ಎಂದು ಹೆಸರಿಟ್ಟರು. ಅವರ ಜೊತೆ ಬಂದ ನಾಲ್ಕು ಜನ ಸಿಪಾಯಿಗಳು ಅದನ್ನು ಲಾರಿಯಿಂದ ಇಳಿಸಲಾರದೆ ಏದುಸಿರು ಬಿಡುತ್ತಿದ್ದರು. ಯಾರ ಕಷ್ಟವನ್ನೂ ನೋಡಿಕೊಂಡು ಸುಮ್ಮನಿರುವವನಲ್ಲವಲ್ಲ ಬೋರಲಿಂಗ, "ಸರೀರಣ್ಣ ಅತ್ಲಾಗೆ" ಎಂದವನೇ ಗನ್ನನ್ನು ಹೆಗಲಿಗೇರಿಸಿ, ಬ್ಯಾಟರಿಯನ್ನು ಬೆನ್ನಿಗೆ ಹಾಕಿ, ಗುಂಡಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ದಂಡಿನ ಉಗ್ರಾಣದ ಕಡೆಗೆ ನಡೆದುಬಿಟ್ಟ.

ಊರಿಗೆ ಊರೇ ಕುಸಿಯಿತು. ಮೇಷ್ಟ್ರು ಪಾಠದ ನಡುವೆ ನೆಲಕ್ಕೆ ಕೂತರು. ಕ್ಷೌರದವನ ಕತ್ತಿ ಯಾರದೋ ಅರ್ಧ ಮೀಸೆಯನ್ನು ತೆಗೆದುಕೊಂಡು ಹೋಯಿತು. ನನ್ನ ಬಲಭುಜ ಧಡಕ್ಕನೆ ಇಳಿದು ನೇರವಾಗಿದ್ದ ಹೊಲಿಗೆ ಸೊಟ್ಟಗಾಯಿತು. ನನಗೆ ಅವನನ್ನು ಕಂಡರೆ ಆಗುವುದಿಲ್ಲವೆಂದು ಅಷ್ಟು ದಿನ ಹೇಳಿಕೊಂಡು ತಿರುಗಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ಬಾವಿಕಟ್ಟೆಯಿಂದ ಹೆಂಗಸರ ಕೂಗು. ಓಡಿಹೋಗಿ ನೋಡಿದರೆ ಮಲ್ಲಾಜಿ ರಾಟೆಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣುಮುಚ್ಚಿ ಕುಕ್ಕರುಗಾಲಲ್ಲಿ ಕೂತಿದ್ದಳು. ಎಲ್ಲರಿಗಿಂತ ದೊಡ್ಡ ಪಾಲು ಅವಳದು.

ಮಗುವಿಗೆ ಏನೂ ಆಗಲಿಲ್ಲ. ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಇನ್ನೊಂದ್ ಕಿತ ಹಿಂಗಾದ್ರೆ ನಾನು ಮಾತು ಕೊಡಕಾಗಕಿಲ್ಲ" ಎಂದಳು. ಬೋರಲಿಂಗ ಹೊಸಿಲಲ್ಲಿ ನಿಂತು ಅಳುತ್ತಿದ್ದ.

"ಮರ್ತ್‌ಬುಟ್ಟೆ ಕಣೆ ಮಲ್ಲಿ. ಪಾಪ, ಅವ್ರು ಎತ್ತಕಾಗ್ದೆ ಒದ್ದಾಡ್ತಿದ್ರು."

"ನೀನು ಪಾಪ ಅನ್ನದ್ರೊಳಗೆ ನನ್ ಪರಾಣ ಹೊಂಟೋಯ್ತದೆ" ಎಂದು ಮಲ್ಲಾಜಿ ಮಲಗಿದಲ್ಲಿಂದಲೇ ಅವನ ಕೈ ಹಿಡಿದುಕೊಂಡಳು.

ಆದರೆ ಆಗಬಾರದ್ದು ಆಗಿಹೋಗಿತ್ತು, ಮೇಜರ್ ನೋಡಿಬಿಟ್ಟಿದ್ದರು. ಮರುದಿನ ಹೆಗಲಪಟ್ಟಿಯ ಅಳತೆ ಕೊಡಲು ನನ್ನ ಅಂಗಡಿಗೆ ಬಂದವರು ಕೂತು ಮಾತಾಡಿದರು. ಒಂಟಿ ಮನುಷ್ಯ. ಬಂದ ದಿನ ತಮ್ಮ ಕಬ್ಬಿಣದ ಟ್ರಂಕನ್ನು ಬಂಗಲೆಯ ಮೆಟ್ಟಿಲ ಮೇಲೆ ದರದರ ಎಳೆದುಕೊಂಡು ಹೋದದ್ದನ್ನು ಊರೆಲ್ಲ ನೋಡಿ ಮರುಗಿತ್ತು. ನಮ್ಮ ಕಣ್ಣಿಗೆ ಅದು ಅನಾಥನ ಲಕ್ಷಣ.

"ಈ ಗನ್ನು ಹೆಲಿಕಾಪ್ಟರಿಗೆ, ದೊಡ್ಡ ವಾಹನಕ್ಕೆ ಕೂರಿಸಲು ಮಾಡಿದ್ದು" ಎಂದರು. "ನಡೆದು ಹೋಗುವ ಸಿಪಾಯಿಯ ಕೈಗೆ ಕೊಟ್ಟರೆ ಹೇಗೆ ಎಂದು ಮೇಲಿನವರ ತಲೆಗೆ ಯಾರೋ ತುಂಬಿದ್ದಾರೆ. ಗನ್ನಿನ ತೂಕ ಇರಲಿ, ನಳಿಗೆ ತಿರುಗಿಸುವ ಬ್ಯಾಟರಿಯನ್ನು ಯಾರು ಹೊರಬೇಕು? ಗುಂಡು ಎಷ್ಟೇ ಹೊತ್ತರೂ ಒಂದು ಆಕಳಿಕೆ ತೆಗೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ಗುಂಡು ಹಾರುವಾಗ ಅದು ಒದೆಯುವ ರಭಸಕ್ಕೆ ಮನುಷ್ಯ ನಿಲ್ಲಲಾರ. ಓಡುವ ಹಾಗಿಲ್ಲ, ಬಗ್ಗುವ ಹಾಗಿಲ್ಲ, ಗೋಡೆ ಹಾರುವ ಹಾಗಿಲ್ಲ."

"ಅಂಗಾರೆ ಅದು ಯಾಕ್ ಬೇಕು ಸಾಮಿ?"

"ಬೇಡವೆಂದೇ ನಾನು ಹೇಳುತ್ತ ಬಂದಿದ್ದೆ. ಇಲ್ಲಿ ಪರೀಕ್ಷೆ ಮಾಡಿ, ಆಗುವುದಿಲ್ಲವೆಂದು ತಿಳಿಸಿ ಹೊರಟುಬಿಡೋಣ ಎಂದೇ ಬಂದೆ. ನಿಮ್ಮ ಬೋರಲಿಂಗ ಅದನ್ನು ಹೆಗಲ ಮೇಲೆ ಕೋಳಿಮರಿ ಕೂರಿಸಿಕೊಂಡ ಹಾಗೆ ಹೊತ್ತುಕೊಂಡು ಹೋದ. ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನಲು ನನಗೆ ಬರುವುದಿಲ್ಲ."

ನಾನು ನಮ್ಮೂರ ರೀತಿಯನ್ನು ಹೇಳಿದೆ. ಬೋರಲಿಂಗನೂ ಹೇಳಿದ್ದನಂತೆ. ಮೇಜರ್ ಸಿಟ್ಟಾಗಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಮಕ್ಕಳ ಮಾತು ಕೇಳಿದವರ ಹಾಗೆ ನಕ್ಕು, ಅಳತೆಯ ಟೇಪನ್ನು ನನ್ನ ಕೈಗಿಟ್ಟು ಎದ್ದರು. ಅಮಾವಾಸ್ಯೆ ಕಳೆದ ಮೇಲೆ ಬತ್ತಿದ ಕೆರೆಯಂಗಳದಲ್ಲಿ ಪರೀಕ್ಷೆ ಎಂದು ಡಂಗುರ ಸಾರಿಸಿದರು. ಅದರಲ್ಲಿ ಗೆದ್ದರೆ ಬೋರಲಿಂಗ ಗನ್ನು ಹೊತ್ತು ಗಡಿಗೆ ಹೋಗಬೇಕು. ಅಂದರೆ ಮಲ್ಲಾಜಿ ಇಲ್ಲಿ ಹಗಲೂ ರಾತ್ರಿ ಅದನ್ನು ಹೊರಬೇಕು, ಹೆರಿಗೆಯ ಹೊತ್ತಿನಲ್ಲೂ.

ಬೋರಲಿಂಗ ಭಾರವಾದಂತೆ ನಟಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಟಿಸಿದ. ಗನ್ನಿನ ಮುಂದೆ ನಿಂತು ಹಲ್ಲು ಕಚ್ಚಿ, "ಅಯ್ಯಯ್ಯಪ್ಪಾ" ಎಂದು ಕೂಗಿದ. ನಮ್ಮೂರ ಅಭ್ಯಾಸವೇ ಹಾಗೆ, ಕೂಗುವುದು ಮೊದಲು, ಮುಟ್ಟುವುದು ಆಮೇಲೆ. ಗನ್ನು ಮುಟ್ಟದೆಯೇ ನರಳಿದ್ದನ್ನು ಕಂಡು ಮೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ಮನುಷ್ಯ ಹಾಗೆ ಬಿದ್ದು ಬಿದ್ದು ನಕ್ಕದ್ದನ್ನು ಅವರ ಜೀಪಿನ ಡ್ರೈವರನೂ ಅದಕ್ಕೆ ಮುಂಚೆ ನೋಡಿರಲಿಲ್ಲವಂತೆ. ಆವತ್ತೇ ಬೋರಲಿಂಗನನ್ನು ತಮ್ಮ ಬಂಗಲೆಯ ಕೆಲಸಕ್ಕೆ ಹಾಕಿಕೊಂಡರು.

ಅವನು ಅಲ್ಲೂ ಬಿಡಲಿಲ್ಲ. "ಉಂಡ್ರಾ ಸಾರ್?" ಎಂದು ಕೇಳಿ ಬಾಗಿಲಲ್ಲಿ ನಿಂತ. ಮೇಜರ್ ಮೊದಮೊದಲು ಹ್ಞೂಂ ಎಂದರು. ಇವನು ಕದಲಲಿಲ್ಲ. ಆಮೇಲೆ ಉಂಡದ್ದು ಏನೆಂದು ಹೇಳಿದರು. ಆಮೇಲೆ ಬಂಗಲೆಯ ಅಡುಗೆಯವನ ಸಾರು ಬರೀ ಉಪ್ಪು ಎಂದರು. ಅದನ್ನು ಕೇಳಿ ಮಲ್ಲಾಜಿ ಮಲಗಿದಲ್ಲಿಂದಲೇ ನನಗೆ ಹೇಳಿಕೊಟ್ಟು ಬಸ್ಸಾರು ಮಾಡಿಸಿ, ಮುದ್ದೆಯ ಜೊತೆ ಕಳಿಸಿದಳು. ಯಾರು ಮಾಡಿದ್ದು ಎಂದು ಅವರು ಕೇಳಿದರಂತೆ. "ನಮ್ಮನೆಯೋಳು ಸಾರ್. ಏಳೋ ಅಂಗಿಲ್ಲ, ಬಾಯಲ್ಲೇ ಮಾಡುದ್ಲು" ಎಂದನಂತೆ ಇವನು. ಮಾರನೆಯ ದಿನದಿಂದ ಮೇಜರೇ ಕೇಳತೊಡಗಿದರು, "ನಿನ್ನ ಹೆಂಡತಿ ಹೇಗಿದ್ದಾರೆ? ಅವರು ಉಂಡರಾ?" ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ, ಆಮೇಲೆ ದಂಡಿನ ಮೆಸ್ಸಿನಲ್ಲಿ ಉಂಡ ಮನುಷ್ಯ. ತಾನು ಉಂಡೆನೋ ಬಿಟ್ಟೆನೋ ಎಂದು ಯಾರಾದರೂ ಬಾಗಿಲಲ್ಲಿ ಕಾದು ನಿಂತದ್ದು ಅವರಿಗೆ ಹೊಸದು. ಪಾತ್ರೆ ಹಿಂದಕ್ಕೆ ಬರುವಾಗ ತೊಳೆದಿರುತ್ತಿತ್ತು. ಅದನ್ನು ತೊಳೆಯುತ್ತಿದ್ದವರು ಮೇಜರೇ ಎಂದು ಆಮೇಲೆ ತಿಳಿಯಿತು.

ಇತ್ತ ಮಲ್ಲಾಜಿ ಒಂದು ಉಪಾಯ ಹೂಡಿದಳು. ಊರ ಹಿರಿಯರನ್ನೆಲ್ಲ ಮನೆಗೆ ಕರೆಸಿ, ಗೋಡೆಗೆ ಒರಗಿ ಕೂತು ಹೇಳಿದಳು.

"ಎಲ್ರೂ ನನ್ ಗಂಡನ್ ಮ್ಯಾಲೆ ಸಿಟ್ ಮಾಡ್ಕಳಿ. ಪರೀಕ್ಸೆ ಮುಗಿಯಗಂಟ. ಯಾರಿಗೂ ಅವ್ನು ಬ್ಯಾಡ್ದೆ ಓದ್ರೆ ಭಾರವೆಲ್ಲ ಅವ್ನ್ ಮ್ಯಾಲೇ ಬೀಳ್ತದೆ, ಗನ್ನು ಮ್ಯಾಕ್ಕೇಳಕಿಲ್ಲ. ಆ ಮ್ಯಾಜರ್ರು ತಕ್ಕಂಡು ವಾಪಸ್ ಓಯ್ತಾರೆ."

"ನೀನೂ ಸಿಟ್ ಮಾಡ್ಕತೀಯೇನವ್ವ?" ಎಂದು ಗಂಟೆ ಹೊಡೆಯುವ ಮರಿಚೆನ್ನ ಕೇಳಿದ.

"ಮಾಡ್ಕತೀನಿ. ಅವ್ನು ಮಾಡಿರ ಅವಾಂತರ ಒಂದಾ ಎರಡಾ?"

ಇಂಥ ತಪ್ಪು ಲೆಕ್ಕ ನಮ್ಮೂರಿನವರಿಗೆ ಮಾತ್ರ ಹೊಳೆಯಲು ಸಾಧ್ಯ. ಮಾರನೆಯ ದಿನದಿಂದ ಊರೆಲ್ಲ ಬೋರಲಿಂಗನ ಮೇಲೆ ಮುಗಿಬಿತ್ತು. ಮೇಷ್ಟ್ರು ಅವನಿಗೆ ಅಕ್ಷರ ನೆಟ್ಟಗೆ ಬರುವುದಿಲ್ಲವೆಂದು ಬೈದರು. ಮರಿಚೆನ್ನ ಅವನನ್ನು ಕಂಡರೆ ಮುಖ ತಿರುಗಿಸಿದ. ನಾನು ನನ್ನ ಕೊಡೆಯ ವಿಷಯವನ್ನು ಬೀದಿಯಲ್ಲಿ ನಿಂತು ರಾಗವಾಗಿ ಎತ್ತಿ ಆಡಿದೆ. ಉಪಾಯವೇನೆಂದು ಅವನಿಗೂ ಗೊತ್ತು. ಆದರೂ ಬೈಸಿಕೊಂಡಾಗ ಅವನ ಮುಖ ಸಪ್ಪಗಾಗುತ್ತಿತ್ತು. ಅದನ್ನು ನೋಡಲಾಗದೆ ಬೈದವರೇ ಸಂಜೆ ಅವನ ಮನೆಗೆ ಬಂದು ಬಾಳೆಹಣ್ಣು, ಹುರಿಗಾಳು ಇಟ್ಟು ಹೋಗುತ್ತಿದ್ದರು. ನಾನೂ ಹೋಗಿ, ಕೊಡೆ ನೀನೇ ಇಟ್ಟುಕೋ ಎಂದು ಬಂದೆ.

ಮಲ್ಲಾಜಿಯ ಕಷ್ಟ ಇನ್ನೂ ದೊಡ್ಡದು. ಅವಳು ಚಾಪೆಯ ಮೇಲೆ ಮಲಗಿ ಗಂಡನ ತಪ್ಪುಗಳನ್ನು ಒಂದೊಂದಾಗಿ ನೆನೆಯುತ್ತಿದ್ದಳು. ಗೊರಕೆ ಹೊಡೆಯುತ್ತಾನೆ. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕುತ್ತಾನೆ. ಸಂತೆಗೆ ಉಪ್ಪು ತರಲು ಹೋದವನು ಯಾರದೋ ಕಳೆದ ಎಮ್ಮೆಯನ್ನು ಹುಡುಕಿ ಕೊಟ್ಟು, ಉಪ್ಪಿಲ್ಲದೆ ಬಂದಿದ್ದ. ಅಲ್ಲಿಗೆ ಬಂದರೆ ಅವಳಿಗೆ ನಗು ತಡೆಯುತ್ತಿರಲಿಲ್ಲ. "ದೇವೀರಕ್ಕ, ಆವತ್ತು ಆ ಎಮ್ಮೆ ಮನೆಗಂಟ ಅವ್ನ್ ಇಂದಿಂದೇ ಬಂದಿತ್ತು ಕಣಕ್ಕ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನನ್ ಕೈಲಾಗಕಿಲ್ಲ. ಏನ್ ನೆನೆಸ್ಕಂಡ್ರೂ ಕೊನೀಗೆ ಅವ್ನ್ ಮೇಲೆ ಆಸೆನೇ ಬತ್ತದೆ" ಎಂದು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು.

ಪರೀಕ್ಷೆಯ ಬೆಳಿಗ್ಗೆ ಊರಿನವರೆಲ್ಲ ಜಗಲಿಗಳ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತರು. ಒಲೆಗಳನ್ನು ಆರಿಸಿದ್ದೆವು. ಮಲ್ಲಾಜಿಯನ್ನು ನಡುಮನೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಸುತ್ತ ಮೆತ್ತೆ ಕೊಟ್ಟು, ನಾನೊಂದು ಕಡೆ ಸೂಲಗಿತ್ತಿ ಒಂದು ಕಡೆ ಕೂತೆವು. ಮರಿಚೆನ್ನ ಗಂಟೆ ಹೊಡೆದ. "ಹೊರ್ತಾ ಇವ್ನಿ, ನಮ್ಮೋರು ಉಷಾರು" ಎಂಬ ಬೋರಲಿಂಗನ ಕೂಗು ಕೆರೆಯಂಗಳದಿಂದ ತೆಳ್ಳಗೆ ಕೇಳಿಸಿತು. ಆ ದನಿಯಲ್ಲಿ ಗಟ್ಟಿತನವಿರಲಿಲ್ಲ.

ಭಾರ ಬಂತು. ನನ್ನ ಭುಜ ಇಳಿಯಿತು, ಸೂಲಗಿತ್ತಿಯ ತಲೆ ಬಾಗಿತು. ಮಲ್ಲಾಜಿ ತುಟಿ ಕಚ್ಚಿ ನನ್ನ ಮುಂಗೈಯನ್ನು ಹಿಡಿದಳು. ಅವಳ ಉಗುರಿನ ಗುರುತು ಬಹಳ ದಿನ ಉಳಿಯಿತು. ಅವನು ಕೆರೆಯ ಏರಿಯನ್ನು ಹತ್ತಿದ್ದು ನಮಗೆ ಇಲ್ಲಿ ತಿಳಿಯಿತು, ಇಳಿದದ್ದೂ ತಿಳಿಯಿತು. ಆಮೇಲೆ ಜೀರುಂಡೆ ಕೂಗಿದ ಹಾಗೆ ಗುಂಯ್ ಎಂಬ ಸದ್ದು. ನಳಿಗೆಗಳು ತಿರುಗತೊಡಗಿದ್ದವು.

"ತಡ್ಕ ಮಗ, ತಡ್ಕ" ಎಂದು ಸೂಲಗಿತ್ತಿ ಅವಳ ಹೊಟ್ಟೆಯ ಮೇಲೆ ಅಂಗೈಯಿಟ್ಟಳು. ಯಾರೋ ದಪ್ಪ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದಂಥ ಸದ್ದಾಯಿತು. ನನ್ನ ಎದೆಗೆ ಎತ್ತು ಗುದ್ದಿದಂತಾಯಿತು. ಮಲ್ಲಾಜಿ ಕಿರುಚಿದಳು.

ಕಿರುಚಿದವಳು ಅರ್ಧಕ್ಕೇ ನಿಲ್ಲಿಸಿದಳು. ಸದ್ದು ಇನ್ನೂ ನಿಂತಿರಲಿಲ್ಲ. ಅವಳು ಕಣ್ಣು ಬಿಟ್ಟು ನನ್ನ ಮುಖವನ್ನೇ ನೋಡಿದಳು.

"ಅಕ್ಕ, ಹಗುರಾಯ್ತು."

"ಇಳಿಸ್‌ಬುಟ್ನೇನೋ."

"ಇಲ್ಲ, ಇಳಿಸಿಲ್ಲ. ಯಾರೋ ಪಾಲಿಗೆ ಬಂದ್ರು. ದೊಡ್ ಪಾಲು ತಕ್ಕಂಡ್ರು ಕಣಕ್ಕ. ಯಾರಕ್ಕ ಅದು?"

ನನ್ನ ಭುಜಕ್ಕೂ ಅದು ಗೊತ್ತಾಗಿತ್ತು. ಆದರೆ ಯಾರೆಂದು ಹೊಳೆಯಲಿಲ್ಲ. ಅವನನ್ನು ಪ್ರೀತಿಸಬೇಕಾದವರೆಲ್ಲ ಆಗಲೇ ಪ್ರೀತಿಸಿ, ಗೋಡೆಗೆ ಒರಗಿ ಕೂತಿದ್ದರಲ್ಲ. ಊರಲ್ಲಿ ಇನ್ನು ಯಾರು ಉಳಿದಿದ್ದರು?

ಕೆರೆಯಂಗಳದಲ್ಲಿ ನಡೆದದ್ದನ್ನು ಆಮೇಲೆ ಬೋರಲಿಂಗ ಹೇಳಿದ. ಬೆಳಿಗ್ಗೆಯಿಂದಲೇ ಮೇಜರ್ ಭುಜ ಉಜ್ಜಿಕೊಳ್ಳುತ್ತಿದ್ದರಂತೆ, ಬಂಗಲೆಯ ಮಂಚ ಸರಿಯಿಲ್ಲವೆಂದು ಗೊಣಗಿದರಂತೆ. ಗಂಟೆ ಬಾರಿಸಿದಾಗ ಅವರು ಬೋರಲಿಂಗನ ಮುಖ ನೋಡಿದರು. ಅವನ ಕಣ್ಣು ತನ್ನ ಮನೆಯ ಕಡೆಗೇ ಇತ್ತು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವನು ಏರಿ ಹತ್ತುವಾಗ ಪಕ್ಕದಲ್ಲಿ ಬರಿಗೈಯಲ್ಲಿ ನಡೆಯುತ್ತಿದ್ದ ಮೇಜರಿಗೆ ಉಸಿರು ಕಟ್ಟಿತು. ಗುಂಡು ಹಾರತೊಡಗಿದ ಮೇಲೆ ಅವರು ಅವನ ಬೆನ್ನ ಹಿಂದೆ ನಿಂತು, "ಅಯ್ಯೋ ನನ್ನಪ್ಪ, ಸಾಕು ನಿಲ್ಲಿಸೋ" ಎಂದು ಕೂಗಿದರು. ಆ ಮಾತು ಬಾಯಿಂದ ಬಂದ ಕ್ಷಣದಲ್ಲೇ ಅವರ ಟೋಪಿ ಒಂದು ಕಡೆ ಹಾರಿ, ಅವರು ಒಂದು ಕಡೆ ಹಾರಿ ಕೆರೆಯ ಮಣ್ಣಲ್ಲಿ ಕೂತುಬಿಟ್ಟರು. ಬೋರಲಿಂಗ ಮಾತ್ರ ನೆಟ್ಟಗೆ ನಿಂತೇ ಇದ್ದ. ಅಷ್ಟರಲ್ಲಿ ಗುಂಡುಗಳೂ ಖಾಲಿಯಾಗಿದ್ದವು.

ಮೇಜರ್ ಕೂತಲ್ಲಿಂದಲೇ ಊರ ಕಡೆ ನೋಡಿದರು. ಜಗಲಿ ಜಗಲಿಯ ಮೇಲೆ ಜನ ಎದೆ ಹಿಡಿದುಕೊಂಡು ಕೂತಿರುವುದು ಅಲ್ಲಿಗೂ ಕಾಣುತ್ತಿತ್ತು.

"ಬೋರಲಿಂಗ, ನಿನ್ನ ಹೆಂಡತಿ?"

"ನೆಲದ್ ಮ್ಯಾಲೆ ಮನಗವ್ಳೆ ಸಾರ್."

"ಇಳಿಸು. ಮೆತ್ತಗೆ ಇಳಿಸು. ನಾನೂ ಹಿಡಿಯುತ್ತೇನೆ."

ಇಬ್ಬರೂ ಸೇರಿ ಅದನ್ನು ಮಣ್ಣಿಗೆ ಇಳಿಸಿದರು. ಮೇಜರ್ ಟೋಪಿಯನ್ನೂ ಹುಡುಕದೆ ಬೋರಲಿಂಗನ ಜೊತೆ ನಮ್ಮ ಬೀದಿಗೆ ಓಡಿಬಂದರು. ಹೊಸಿಲಾಚೆ ನಿಂತು ಮಲ್ಲಾಜಿ ಹೇಗಿದ್ದಾಳೆಂದು ಕೇಳಿ, ಅವನ ಹಾಗೆಯೇ, ಉತ್ತರಕ್ಕೆ ಕಾದರು. ಸೂಲಗಿತ್ತಿ, "ಮಗ ಒದೀತೈತೆ, ಏನೂ ಆಗಿಲ್ಲ" ಎಂದ ಮೇಲೆ ಜಗಲಿಯ ಮೇಲೆ ಕುಸಿದು ಕೂತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ನಾನು ನೀರು ತಂದುಕೊಟ್ಟೆ.

"ಏನಂತ ತಿಳಿಸ್ತೀರ ಸಾಮಿ ಮೇಲಿನೋರಿಗೆ?" ಎಂದು ಕೇಳಿದೆ.

"ಸುಳ್ಳು ಹೇಳಲು ನನಗೆ ಬರುವುದಿಲ್ಲ ಎಂದಿದ್ದೆನಲ್ಲ" ಎಂದರು. "ಈ ಗನ್ನನ್ನು ಒಬ್ಬ ಸಿಪಾಯಿ ಹೊರಲಾರ ಎಂದೇ ತಿಳಿಸುತ್ತೇನೆ. ಇವತ್ತು ಅದನ್ನು ಹೊತ್ತದ್ದು ಒಬ್ಬನಲ್ಲ. ನನ್ನ ಭುಜವೇ ಸಾಕ್ಷಿ."

ಎರಡು ದಿನ ಬಿಟ್ಟು ಗನ್ನು ಲಾರಿ ಹತ್ತಿತು. ಈ ಸಲ ದಂಡಿನವರೆಲ್ಲ ಸೇರಿ, ಗಂಟೆ ಹೊಡೆದು ಎತ್ತಿದರು. ಬೋರಲಿಂಗ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಮೇಜರ್ ತಮ್ಮ ಕಬ್ಬಿಣದ ಟ್ರಂಕನ್ನು ಎಳೆಯಲು ಬಗ್ಗಿದವರು ಹಿಡಿಯನ್ನು ಜಗ್ಗಿದ ಕೂಡಲೇ ಹಿಂದಕ್ಕೆ ಮುಗ್ಗರಿಸಿದರು. ಟ್ರಂಕು ಖಾಲಿ ಬುಟ್ಟಿಯ ಹಾಗೆ ಕೈಗೆ ಬಂದಿತ್ತು. ತಿರುಗಿ ನೋಡಿದರೆ ಬೀಳ್ಕೊಡಲು ಬಂದಿದ್ದ ನಮ್ಮೆಲ್ಲರ ಬಲಭುಜ ಒಂದಿಷ್ಟು ಇಳಿದಿತ್ತು. ಅವರು ಟ್ರಂಕನ್ನು ಜೀಪಿಗಿಟ್ಟು ಎಲ್ಲರಿಗೂ ಕೈಮುಗಿದರು. ಬೋರಲಿಂಗ ಜೀಪಿನ ಹತ್ತಿರ ಹೋಗಿ, ಹೊರಗೆ ದುಡಿಯುವವರ ಮಧ್ಯಾಹ್ನದ ಗುಟ್ಟಿನ ಪದ್ಧತಿಯನ್ನು ಅವರ ಕಿವಿಯಲ್ಲಿ ಹೇಳಿಕೊಟ್ಟ.

ಮಲ್ಲಾಜಿ ಹೆಣ್ಣು ಹೆತ್ತಳು. ಬಾಣಂತನದಲ್ಲಿ ನಾನೇ ಅವಳಿಗೆ ನೀರು ಹಾಕಿದೆ. ಒಂದು ಮಧ್ಯಾಹ್ನ ಮಗುವಿಗೆ ಎಣ್ಣೆ ಒತ್ತುತ್ತಿದ್ದಾಗ ನನ್ನ ಭುಜ ಮೆತ್ತಗೆ ಜಗ್ಗಿ ಸಡಿಲವಾಯಿತು. ಇನ್ನೊಮ್ಮೆ ಜಗ್ಗಿತು. ಮಲ್ಲಾಜಿಯೂ ಭುಜ ಮುಟ್ಟಿ ನೋಡಿಕೊಂಡಳು. ಬೋರಲಿಂಗ ಅಡುಗೆಮನೆಯಿಂದ ಓಡಿಬಂದ. ಬೀದಿಯಲ್ಲಿ ಮರಿಚೆನ್ನ ಗಂಟೆಯ ಹಗ್ಗ ಹಿಡಿದು ಹಾಗೇ ನಿಂತುಬಿಟ್ಟಿದ್ದ.

"ಮ್ಯಾಜರ್ರು ಉಂಡ್ರು" ಎಂದಳು ಮಲ್ಲಾಜಿ.

ಅಷ್ಟು ಹೇಳಿ, ಎಣ್ಣೆಯಲ್ಲಿ ಜಾರುತ್ತಿದ್ದ ಮಗಳನ್ನು ನನ್ನ ಕಾಲ ಮೇಲಿಂದ ತೆಗೆದುಕೊಂಡು, ಮೇಜರಿಗೆ ಉತ್ತರವೆಂಬಂತೆ ಎರಡು ಸಲ ಮೇಲಕ್ಕೆ ಎತ್ತಿ ಇಳಿಸಿದಳು. ಆಮೇಲೆ ನಾವು ಮೂವರೂ ಊಟಕ್ಕೆ ಕೂತೆವು.